ಗಾಲಿಮನೆಯ ಜೀರ್ಣೋದ್ಧಾರ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದು ನಮ್ಮ ಹಿರಿಯರು ಎಚ್ಚರಿಸಿದ್ದಾರೆ. ಈ ಎರಡಕ್ಕೂ ಮಿಗಿಲಾದ ಮೂರನೆಯ ಸಾಹಸವೊಂದು ಅವರ ಕಣ್ಣಿಗೆ ಬಿದ್ದಿರಲಿಲ್ಲ. ಬಿದ್ದಿದ್ದರೆ, ‘ಹಳೆಯ ಮನೆಯೊಂದನ್ನು ಕೊಂಡು, ಅದರೊಳಗೇ ವಾಸಮಾಡುತ್ತ ಅದನ್ನು ರಿಪೇರಿಮಾಡಿ, ಕಡೆಗೆ ಮಾರಿ ನೋಡು’ ಎಂಬ ಮಾತನ್ನೂ ಸೇರಿಸುತ್ತಿದ್ದರೇನೊ. ಆ ಮನೆಗೆ ಆರು ಗಾಲಿಗಳೂ ಒಂದು ಎಂಜಿನ್ನೂ ಇದ್ದುಬಿಟ್ಟರಂತೂ ಗಾದೆ ಇನ್ನಷ್ಟು ಉದ್ದವಾಗುತ್ತಿತ್ತು.

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಇಂಥ ಮನೆಗಳು ಲಕ್ಷಗಟ್ಟಲೆ ಇವೆ. ಅವುಗಳಿಗೆ ಅಲ್ಲಿ ‘ಮೋಟಾರ್ ಹೋಮ್’ ಎಂದು ಹೆಸರು. ನಾವು ಗಾಲಿಮನೆ ಎಂದು ಕರೆಯೋಣ. ಕಾರಿನ ಹಿಂದೆ ಕೊಂಡಿ ಹಾಕಿ ಎಳೆಯುವ ಬಂಡಿ ಇದಲ್ಲ. ಇದು ತನ್ನದೇ ಎಂಜಿನ್ನಿನಿಂದ ಓಡುವ, ನೋಡುವುದಕ್ಕೆ ಬಸ್ಸಿನಂತಿರುವ, ಒಳಗೆ ಅಡುಗೆ ಒಲೆ, ಹಾಸಿಗೆ, ನೀರಿನ ತೊಟ್ಟಿ, ಸ್ನಾನದ ಕೋಣೆ, ಶೌಚಗೃಹಗಳನ್ನು ಅಚ್ಚುಕಟ್ಟಾಗಿ ಅಡಗಿಸಿಟ್ಟುಕೊಂಡಿರುವ ವಾಹನ. ರಜಾಕಾಲದ ವಿಹಾರಕ್ಕೆಂದು ಹುಟ್ಟಿದ ಈ ವಾಹನ, ಇಪ್ಪತ್ತು ಮೂವತ್ತು ವರ್ಷ ಕಳೆದು ಬಣ್ಣಗೆಟ್ಟು, ಯಾರದೋ ಹಿತ್ತಲಿನಲ್ಲಿ ಹುಲ್ಲಿನ ನಡುವೆ ನಿಂತುಬಿಡುತ್ತದೆ. ಆಗ ಅದನ್ನು ಅಗ್ಗವಾಗಿ ಕೊಳ್ಳುವುದಕ್ಕೆ ಒಂದು ಬಗೆಯ ಜನ ಬರುತ್ತಾರೆ. ಅವರಿಗೆ ವಿಹಾರ ಬೇಕಾಗಿಲ್ಲ. ತಲೆಯ ಮೇಲೊಂದು ಸೂರು ಬೇಕಾಗಿದೆ. ಒಂದೆರಡು ವರ್ಷ ಅದರಲ್ಲಿದ್ದು, ಬಾಡಿಗೆಯ ಹಣವನ್ನು ಉಳಿಸಿ, ಸರಿಪಡಿಸಿದ ಗಾಲಿಮನೆಯನ್ನು ಲಾಭಕ್ಕೆ ಮಾರಿ, ಆ ಹಣದಿಂದ ನೆಲಕ್ಕಂಟಿದ ಮನೆಗೆ ಮೊದಲ ಕಂತು ಕಟ್ಟುವುದು ಅವರ ಹಂಚಿಕೆ.

ಹಂಚಿಕೆಯೇನೋ ಸೊಗಸಾಗಿದೆ. ಅದು ಎಲ್ಲಿ ನಿಲ್ಲುತ್ತದೆ, ಎಲ್ಲಿ ಕುಸಿಯುತ್ತದೆ ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಗಾಲಿಮನೆ ನಡೆದುಬಂದ ದಾರಿ

ಉಳ್ಳವರು ವಿನೋದಕ್ಕಾಗಿ ಮನೆಗೆ ಗಾಲಿ ಕಟ್ಟಿಸಿಕೊಂಡ ಪದ್ಧತಿಗೆ ಇಂಗ್ಲೆಂಡಿನಲ್ಲಿ ಮೊದಲು ದಾರಿ ತೋರಿಸಿದವನು ಗಾರ್ಡನ್ ಸ್ಟೇಬಲ್ಸ್ ಎಂಬ ಸ್ಕಾಟ್ಲೆಂಡಿನ ವೈದ್ಯ. ನೌಕಾದಳದಲ್ಲಿ ಶಸ್ತ್ರವೈದ್ಯನಾಗಿದ್ದು, ಅನಂತರ ಹುಡುಗರಿಗಾಗಿ ಸಾಹಸಕಥೆಗಳನ್ನು ಬರೆದು ಹೆಸರಾದ ಈತ 1885ರಲ್ಲಿ ಬ್ರಿಸ್ಟಲ್ ನಗರದ ಬಂಡಿ ಕಾರ್ಖಾನೆಯೊಂದರಲ್ಲಿ ‘ವಾಂಡರರ್’ ಎಂಬ ಬಂಡಿಮನೆಯನ್ನು ಮಾಡಿಸಿದ. ಅಲೆಮಾರಿ ರೋಮಾನಿ ಜನರ ಬಂಡಿಗಳು ಆ ದೇಶದ ಹಾದಿಗಳಲ್ಲಿ ಬಹುಕಾಲದಿಂದ ಓಡಾಡುತ್ತಿದ್ದುವು. ಆದರೆ ಅವರಿಗೆ ಅದು ಬದುಕು. ಈ ವೈದ್ಯನಿಗೆ ವಿಲಾಸ. ಒಂದೇ ಬಗೆಯ ಬಂಡಿ ಒಬ್ಬನಿಗೆ ವಿಲಾಸವಾಗಿ ಇನ್ನೊಬ್ಬನಿಗೆ ಗತ್ಯಂತರವಿಲ್ಲದ ಆಸರೆಯಾಗುವ ಈ ವೈಚಿತ್ರ್ಯ ಅಂದಿನಿಂದ ಇಂದಿನವರೆಗೂ ಗಾಲಿಮನೆಯನ್ನು ಬಿಟ್ಟಿಲ್ಲ.

ಮೋಟಾರು ಬಂದ ಮೇಲೆ ಅಮೆರಿಕ ಮುಂದಾಯಿತು. 1915ರಲ್ಲಿ ರೋಲಂಡ್ ಕಾಂಕ್ಲಿನ್ ಎಂಬ ಧನಿಕ ‘ಜಿಪ್ಸಿ ವ್ಯಾನ್’ ಎಂಬ ಭಾರಿ ಮೋಟಾರುಮನೆಯಲ್ಲಿ ತನ್ನ ಸಂಸಾರವನ್ನು ಕೂರಿಸಿಕೊಂಡು ನ್ಯೂಯಾರ್ಕಿನ ಕಡೆಯಿಂದ ಪಶ್ಚಿಮದ ಕರಾವಳಿಗೆ ಹೊರಟಾಗ, ದಾರಿಯುದ್ದಕ್ಕೂ ಜನ ನೆರೆದು ಬೆರಗಾಗಿ ನೋಡಿದರು. 1930ರ ದಶಕದಲ್ಲಿ ವಾಲಿ ಬಯಂ ಎಂಬಾತ ಸ್ಥಾಪಿಸಿದ ‘ಏರ್‌ಸ್ಟ್ರೀಮ್’ ಸಂಸ್ಥೆಯ ಬೆಳ್ಳಿಬಣ್ಣದ ಅಲ್ಯೂಮಿನಿಯಂ ಬಂಡಿಗಳು ಪ್ರಸಿದ್ಧಿಗೆ ಬಂದುವು. 1969ರ ಜುಲೈ ತಿಂಗಳಲ್ಲಿ ಚಂದ್ರಲೋಕದಿಂದ ಹಿಂದಿರುಗಿದ ಆರ್ಮ್‌ಸ್ಟ್ರಾಂಗ್, ಆಲ್ಡ್ರಿನ್, ಕಾಲಿನ್ಸ್ ಈ ಮೂವರು ವೀರರನ್ನೂ, ಅಲ್ಲಿಂದ ಏನಾದರೂ ರೋಗಾಣು ಬಂದಿದ್ದೀತೆಂಬ ಶಂಕೆಯಿಂದ, ಈ ಸಂಸ್ಥೆಯ ಬಂಡಿಯೊಂದನ್ನು ಮಾರ್ಪಡಿಸಿ ಮಾಡಿದ ಕೊಠಡಿಯಲ್ಲಿಯೇ ಕೂಡಿಹಾಕಿದ್ದರು. ಅಧ್ಯಕ್ಷ ನಿಕ್ಸನ್ನರು ಹಡಗಿನ ಮೇಲೆ ನಿಂತು ಅದರ ಕಿಟಕಿಯ ಗಾಜಿನಾಚೆಯಿಂದ ಅವರನ್ನು ಅಭಿನಂದಿಸಿದ ಚಿತ್ರವನ್ನು ವಾಚಕರು ಕಂಡಿರಬಹುದು. ಚಂದ್ರನನ್ನು ಮುಟ್ಟಿ ಬಂದವರಿಗೆ ಭೂಮಿಯಲ್ಲಿ ದೊರೆತ ಮೊದಲ ಮನೆ ಒಂದು ಗಾಲಿಮನೆ!

ಮಧ್ಯಮವರ್ಗದ ಕೈಗೆ ಮೋಟಾರುಮನೆ ಎಟುಕಿದ್ದು 1966ರಿಂದೀಚೆಗೆ. ಆ ವರ್ಷ ಅಯೋವಾ ಸಂಸ್ಥಾನದ ಫಾರೆಸ್ಟ್ ಸಿಟಿ ಎಂಬ ಸಣ್ಣ ಊರಿನ ವಿನೆಬೇಗೊ ಕಾರ್ಖಾನೆ ತನ್ನ ಮೊದಲ ಮೋಟಾರುಮನೆಗಳನ್ನು ಹೊರತಂದಿತು. 1973ರಲ್ಲಿ ಜನರಲ್ ಮೋಟಾರ್ಸ್ ಸಂಸ್ಥೆಯೇ ಕಣಕ್ಕಿಳಿದು, 23 ಮತ್ತು 26 ಅಡಿಯ ಎರಡು ಅಳತೆಗಳಲ್ಲಿ ‘ಜಿ.ಎಂ.ಸಿ. ಮೋಟಾರ್ ಹೋಮ್’ ಎಂಬುದನ್ನು ಮಾರುಕಟ್ಟೆಗೆ ತಂದಿತು. ಆದರೆ ಅದೇ ವರ್ಷದ ಅಕ್ಟೋಬರಿನಲ್ಲಿ ಅರಬ್ ರಾಷ್ಟ್ರಗಳು ತೈಲ ನಿರ್ಬಂಧ ಹೇರಿದುವು. ಪೆಟ್ರೋಲನ್ನು ಕೊಡಗಟ್ಟಲೆ ಕುಡಿಯುವ ಮನೆ ಯಾರಿಗೆ ಬೇಕು? 1978ರ ಮಾದರಿಯೊಂದಿಗೆ ಅದರ ತಯಾರಿಕೆ ನಿಂತುಹೋಯಿತು. ಹೊರಬಂದವು ಒಟ್ಟು ಸುಮಾರು ಹದಿಮೂರು ಸಾವಿರ. ಅರ್ಧಶತಮಾನ ಕಳೆದರೂ ಅವುಗಳಲ್ಲಿ ಹಲವು ಇಂದಿಗೂ ರಸ್ತೆಯ ಮೇಲಿವೆ. ಕೊಂಡು ಸರಿಪಡಿಸುವವರು ಅವನ್ನೇ ಹುಡುಕಿಕೊಂಡು ಹೋಗುವುದುಂಟು. ಇದಕ್ಕೆ ಕಾರಣವಿಲ್ಲದಿಲ್ಲ.

ನೀರೆಂಬ ವೈರಿ

ಗಾಲಿಮನೆಯ ಆಯಸ್ಸನ್ನು ನಿರ್ಣಯಿಸುವುದು ಎಂಜಿನ್ನಲ್ಲ, ನೀರು. ಇದನ್ನು ಮೊದಲು ತಿಳಿದವನು ಅರ್ಧ ಗೆದ್ದಂತೆ.

ಅಗ್ಗದ ಗಾಲಿಮನೆಗಳ ಗೋಡೆಯೊಳಗೆ ಬಹುಮಟ್ಟಿಗೆ ಮರದ ಪಟ್ಟಿಗಳ ಚೌಕಟ್ಟಿರುತ್ತದೆ. ಹೊರಗೆ ತೆಳುವಾದ ಅಲ್ಯೂಮಿನಿಯಂ ಅಥವಾ ಫೈಬರ್‌ಗ್ಲಾಸ್ ಹೊದಿಕೆ, ಒಳಗೆ ತೆಳು ಪ್ಲೈವುಡ್ಡು, ನಡುವೆ ಶೀತ ತಡೆಯುವ ಹತ್ತಿಯಂಥ ವಸ್ತು. ಮೇಲ್ಛಾವಣಿಯಲ್ಲಿ ಗಾಳಿಕಿಂಡಿಗೆಂದೂ ಹೊಗೆಕೊಳವೆಗೆಂದೂ ತಂಪುಯಂತ್ರಕ್ಕೆಂದೂ ಕೊರೆದ ಹತ್ತಾರು ತೂತುಗಳಿರುತ್ತವೆ. ಪ್ರತಿ ತೂತಿನ ಸುತ್ತಲೂ ಅಂಟು ಬಳಿದಿರುತ್ತಾರೆ. ಬಿಸಿಲಿಗೆ ಆ ಅಂಟು ಒಣಗಿ ಬಿರಿಯುತ್ತದೆ. ಭೂಮಿಗೆ ಕಟ್ಟಿದ ಮನೆ ಅಲುಗದೆ ನಿಂತಿರುತ್ತದೆ. ಗಾಲಿಮನೆಯಾದರೋ ರಸ್ತೆಯ ಪ್ರತಿಯೊಂದು ಹಳ್ಳದಲ್ಲೂ ನಡುಗುತ್ತದೆ. ಆದ್ದರಿಂದ ಬಿರುಕು ದೊಡ್ಡದಾಗಿ ಮಳೆಯ ನೀರು ಒಳಸೇರುತ್ತದೆ. ಒಳಸೇರಿದ ನೀರು ಕೂಡಲೆ ಕಣ್ಣಿಗೆ ಬೀಳುವುದಿಲ್ಲ. ಗೋಡೆಯೊಳಗಿನ ಹತ್ತಿ ಅದನ್ನು ಹೀರಿಕೊಂಡು ತಿಂಗಳುಗಟ್ಟಲೆ ಮರಕ್ಕೆ ಒತ್ತಿಹಿಡಿದಿರುತ್ತದೆ. ಒಳಗಿನ ಮನುಷ್ಯನಿಗೆ ಸುದ್ದಿ ತಲುಪುವ ಹೊತ್ತಿಗೆ ಮರ ರೊಟ್ಟಿಯಂತೆ ಮೆತ್ತಗಾಗಿರುತ್ತದೆ.

ಆದ್ದರಿಂದಲೇ ಅನುಭವಿಗಳು ಹಳೆಯ ಗಾಲಿಮನೆಯನ್ನು ನೋಡಲು ಹೋದಾಗ ಕಣ್ಣಿಗಿಂತ ಮೊದಲು ಮೂಗನ್ನು ಉಪಯೋಗಿಸುತ್ತಾರೆ. ಬಾಗಿಲು ತೆರೆದೊಡನೆ ಮುಗ್ಗಲು ವಾಸನೆ ಬಂದರೆ ಒಂದು ಎಚ್ಚರಿಕೆ. ಅದನ್ನು ಮರೆಮಾಚುವ ಘಮಘಮಿಸುವ ಸುಗಂಧ ಬಂದರೆ ಎರಡು ಎಚ್ಚರಿಕೆ. ಆಮೇಲೆ ಬಾಗಿಲ ಬಳಿ, ಕಿಟಕಿಗಳ ಕೆಳಗೆ, ನಾಲ್ಕು ಮೂಲೆಗಳಲ್ಲಿ ಹಿಮ್ಮಡಿಯೂರಿ ತುಳಿದು ನೋಡಬೇಕು. ನೆಲ ಒಳಕ್ಕೆ ಬಾಗಿದರೆ ಅಲ್ಲಿ ಕೊಳೆತಿದೆಯೆಂದೇ ಲೆಕ್ಕ. ಹೊರಗೋಡೆಯಲ್ಲಿ ಬೊಬ್ಬೆಯೆದ್ದಂತೆ ಉಬ್ಬಿದ್ದರೆ ಒಳಪದರಗಳು ಒಂದನ್ನೊಂದು ಬಿಟ್ಟಿವೆಯೆಂದು ಅರ್ಥ. ಹೊಸದಾಗಿ ಬಣ್ಣ ಬಳಿದ ಒಂದೇ ಒಂದು ಮೂಲೆ, ಉಳಿದೆಡೆಯಲ್ಲಿಲ್ಲದ ಒಂದು ತುಂಡು ಕಾಗದದ ಹೊದಿಕೆ, ಹೀಗೆ ಯಾವುದು ಕಣ್ಣಿಗೆ ಅಂದವಾಗಿ ಕಾಣುವುದೋ ಅಲ್ಲಿಯೇ ಹೆಚ್ಚು ಅನುಮಾನ ಪಡಬೇಕು.

ಜಿ.ಎಂ.ಸಿ. ಗಾಲಿಮನೆಗಳ ದೀರ್ಘಾಯುಸ್ಸಿನ ಗುಟ್ಟು ಇಲ್ಲಿದೆ. ಅದರ ಗೋಡೆಯ ಅಸ್ಥಿಪಂಜರ ಮರದ್ದಲ್ಲ, ಅಲ್ಯೂಮಿನಿಯಂ. ಹೊದಿಕೆ ಅಲ್ಯೂಮಿನಿಯಂ ಮತ್ತು ಫೈಬರ್‌ಗ್ಲಾಸ್. ಆದ್ದರಿಂದ ಚಿಪ್ಪು ಕೊಳೆಯುವುದಿಲ್ಲ. ಎಂಜಿನ್ನಿನ ಬಲ ಮುಂದಿನ ಗಾಲಿಗಳಿಗೇ ಹೋಗುವುದರಿಂದ ಹಿಂದಕ್ಕೆ ಉದ್ದನೆಯ ದಂಡವಿಲ್ಲ, ನೆಲ ತಗ್ಗಾಗಿದೆ, ವಾಹನ ರಸ್ತೆಗೆ ಅಂಟಿಕೊಂಡು ಓಡುತ್ತದೆ. ಹಾಗೆಂದು ಅದೇನೂ ಚಿರಂಜೀವಿಯಲ್ಲ. ಕೆಳಗಿನ ಉಕ್ಕಿನ ಚೌಕಟ್ಟಿಗೆ ತುಕ್ಕು ಹಿಡಿಯುತ್ತದೆ, ನೆಲದ ಪ್ಲೈವುಡ್ಡು ಕೊಳೆಯುತ್ತದೆ, ಹಿಂಬದಿಯನ್ನು ಹೊತ್ತಿರುವ ಗಾಳಿಚೀಲಗಳು ಸೋರುತ್ತವೆ. ಎಲ್ಲಕ್ಕಿಂತ ಅಪಾಯವಾದದ್ದು ಹಳೆಯ ಪೆಟ್ರೋಲ್ ಕೊಳವೆಗಳು. ಎಥನಾಲ್ ಬೆರೆತ ಇಂದಿನ ಪೆಟ್ರೋಲು ಆ ಕಾಲದ ರಬ್ಬರಿಗೆ ಹೊಂದುವುದಿಲ್ಲ. ಬಿರಿದ ಕೊಳವೆಯಿಂದ ಕಾದ ಎಂಜಿನ್ನಿನ ಮೇಲೆ ತೊಟ್ಟಿಕ್ಕಿದ ಪೆಟ್ರೋಲು ಮನೆಯನ್ನೇ ಸುಟ್ಟುಹಾಕಬಲ್ಲದು.

ಮೊದಲಾವುದು, ಕಡೆಯಾವುದು

ಕೊಂಡವನಿಗೆ ಮೊದಲ ದಿನ ಮನಸ್ಸು ಓಡುವುದು ಪರದೆಯ ಬಟ್ಟೆಯ ಕಡೆಗೆ, ಗೋಡೆಯ ಬಣ್ಣದ ಕಡೆಗೆ, ಅಡುಗೆ ಕಟ್ಟೆಯ ಅಂದದ ಕಡೆಗೆ. ಮನುಷ್ಯಸ್ವಭಾವವೇ ಹಾಗೆ. ಆದರೆ ಕೆಲಸದ ಕ್ರಮ ಸರಿಯಾಗಿ ಇದಕ್ಕೆ ತಿರುಗುಮುರುಗು. ಮೊದಲು ಮೇಲ್ಛಾವಣಿ, ಮೇಲಿನ ಸೋರಿಕೆ ನಿಲ್ಲದೆ ಕೆಳಗೆ ಮಾಡಿದ್ದೆಲ್ಲ ನೀರಿನಲ್ಲಿ ಹೋಮ. ಎರಡನೆಯದು ಕೊಳೆತ ಮರವನ್ನು ಕಿತ್ತು ಚೌಕಟ್ಟನ್ನು ಗಟ್ಟಿಮಾಡುವುದು. ಮೂರನೆಯದು ಬ್ರೇಕು, ಟೈರು, ಎಂಜಿನ್ನು. ನಾಲ್ಕನೆಯದು ಅನಿಲ, ವಿದ್ಯುತ್ತು, ನೀರು. ಇಷ್ಟೂ ಮುಗಿದ ಮೇಲೆ ಒಳಗೋಡೆ, ನೆಲಹಾಸು, ಪೀಠೋಪಕರಣ. ಕಟ್ಟಕಡೆಗೆ ಬಣ್ಣ.

ಟೈರಿನ ವಿಚಾರದಲ್ಲಿ ಮೋಸಹೋಗುವವರು ಬಹಳ. ನಿಂತೇ ಇದ್ದ ವಾಹನದ ಟೈರು ಸವೆದಿರುವುದಿಲ್ಲ. ಗೆರೆಗಳೆಲ್ಲ ಹೊಸದರಂತೆಯೇ ಇರುತ್ತವೆ. ಆದರೆ ಬಿಸಿಲಿಗೂ ಕಾಲಕ್ಕೂ ರಬ್ಬರು ಒಳಗೊಳಗೇ ಜೀರ್ಣವಾಗಿರುತ್ತದೆ. ಅಮೆರಿಕದಲ್ಲಿ ಮಾರುವ ಟೈರಿನ ಪಕ್ಕದ ಗೋಡೆಯ ಮೇಲೆ ಅದರ ಜಾತಕವೇ ಅಚ್ಚಾಗಿರುತ್ತದೆ. 2000ದಿಂದೀಚೆಗಿನ ಟೈರುಗಳಲ್ಲಿ ಆ ಸಂಕೇತದ ಕೊನೆಯ ನಾಲ್ಕು ಅಂಕಿಗಳಲ್ಲಿ ಮೊದಲೆರಡು ವಾರವನ್ನೂ ಉಳಿದೆರಡು ವರ್ಷವನ್ನೂ ಹೇಳುತ್ತವೆ. 2319 ಎಂದಿದ್ದರೆ 2019ರ ಇಪ್ಪತ್ತಮೂರನೆಯ ವಾರದಲ್ಲಿ ಹುಟ್ಟಿದ್ದು. ಬ್ರೇಕಿನ ದ್ರವಕ್ಕೂ ಇದೇ ಮಾತು: ಅದು ಗಾಳಿಯ ತೇವವನ್ನು ಹೀರುವ ಗುಣವುಳ್ಳದ್ದು. ತೇವ ಹೆಚ್ಚಿದ ದ್ರವ ಘಟ್ಟದ ಇಳಿಜಾರಿನಲ್ಲಿ ಕಾದು ಕುದಿದರೆ, ಚಾಲಕನ ಕಾಲು ಬ್ರೇಕನ್ನೇನೋ ಒತ್ತೀತು, ವಾಹನ ನಿಲ್ಲದು.

ತೂಕವೂ ಒಂದು ವಿಚಾರ. ಮನೆಯನ್ನು ಚೆಂದಗಾಣಿಸುವ ಉತ್ಸಾಹದಲ್ಲಿ ಕಲ್ಲಿನ ಅಡುಗೆ ಕಟ್ಟೆ, ದಪ್ಪ ಹಲಗೆಯ ನೆಲ, ಪುಸ್ತಕದ ಬೀರುಗಳನ್ನು ತುಂಬುವವರು ಕೆಳಗಿನ ಗಾಲಿಗಳನ್ನು ಮರೆಯುತ್ತಾರೆ. ನೀರೇ ಎಷ್ಟು ಭಾರ! ಅಮೆರಿಕದ ಐವತ್ತು ಗ್ಯಾಲನ್ ನೀರೆಂದರೆ ಹತ್ತಿರ ಹತ್ತಿರ 190 ಕಿಲೋಗ್ರಾಂ; ಮೂವರು ದೃಢಕಾಯರು ಸದಾ ಒಳಗೆ ಕುಳಿತಂತೆ. ಕಾರ್ಖಾನೆಯವರು ಗೊತ್ತುಪಡಿಸಿದ ಮಿತಿ ಬಾಗಿಲ ಬಳಿಯ ಫಲಕದಲ್ಲಿ ಬರೆದಿರುತ್ತದೆ. ಲಾರಿಗಳನ್ನು ತೂಗುವ ಕಾಂಟಾದ ಮೇಲೆ ನಿಲ್ಲಿಸಿ ನೋಡಿಬಿಟ್ಟರೆ ಸಂದೇಹ ನಿವಾರಣೆಯಾಗುತ್ತದೆ.

ಅನಿಲದ ಕಡೆಗೆ ಬಂದರೆ, ನಮ್ಮ ಅಡುಗೆಮನೆಯ ಸಿಲಿಂಡರಿನ ಬಗ್ಗೆ ನಮ್ಮ ಗೃಹಿಣಿಯರು ಬಲ್ಲ ವಿಷಯವೇ ಅಲ್ಲಿಯೂ ಸತ್ಯ. ಪ್ರೊಪೇನ್ ಗಾಳಿಗಿಂತ ಭಾರ. ಸೋರಿದರೆ ನೆಲದ ಮೇಲೆ ಮಡುಗಟ್ಟುತ್ತದೆ. ಆದ್ದರಿಂದಲೇ ಅದರ ಎಚ್ಚರಿಕೆಯ ಗಂಟೆಯನ್ನು ಗೋಡೆಯ ಬುಡದಲ್ಲಿ ಕೂರಿಸುತ್ತಾರೆ. ಪ್ರತಿ ಕೀಲಿಗೂ ಸಾಬೂನಿನ ನೊರೆ ಸವರಿ ಗುಳ್ಳೆ ಏಳುವುದೋ ನೋಡಬೇಕು. ಬೆಂಕಿಕಡ್ಡಿ ಗೀರಿ ಪರೀಕ್ಷಿಸಿದವನಿಗೆ ಎರಡನೆಯ ಪರೀಕ್ಷೆಯ ಅವಕಾಶ ಸಿಕ್ಕದಿರಬಹುದು. ವಿದ್ಯುತ್ತು ಎರಡು ಬಗೆ: ಬ್ಯಾಟರಿಯಿಂದ ಬರುವ 12 ವೋಲ್ಟು, ತಂಗುದಾಣದ ಕಂಬದಿಂದ ಬರುವ 120 ವೋಲ್ಟು. ಮೂವತ್ತು ಆಂಪಿಯರಿನ ಸಂಪರ್ಕವೆಂದರೆ ಒಟ್ಟು 3,600 ವಾಟು. ತಂಪುಯಂತ್ರವೂ ನೀರು ಕಾಯಿಸುವ ಯಂತ್ರವೂ ಇಸ್ತ್ರಿಪೆಟ್ಟಿಗೆಯೂ ಒಮ್ಮೆಗೇ ಕೆಲಸಕ್ಕೆ ನಿಂತರೆ ಮನೆ ಕತ್ತಲಾಗುವುದು ನಿಶ್ಚಯ.

ಹಳೆಯ ಗಾಲಿಮನೆಗಳ ಶೀತಪೆಟ್ಟಿಗೆ ಒಂದು ಸೋಜಿಗ. ಅದು ಬೆಂಕಿಯಿಂದ ತಂಪನ್ನು ಮಾಡುತ್ತದೆ! ಸ್ಟಾಕ್‌ಹೋಮಿನಲ್ಲಿ ಓದುತ್ತಿದ್ದ ಫಾನ್ ಪ್ಲಾಟೆನ್ ಮತ್ತು ಮುಂಟರ್ಸ್ ಎಂಬ ಇಬ್ಬರು ವಿದ್ಯಾರ್ಥಿಗಳು 1922ರಲ್ಲಿ ಕಂಡುಹಿಡಿದ ಹೂಟ ಇದು. ಅಮೋನಿಯ, ನೀರು, ಜಲಜನಕ ಇವು ಮುಚ್ಚಿದ ಕೊಳವೆಗಳಲ್ಲಿ ಸುತ್ತುತ್ತವೆ. ಚಲಿಸುವ ಭಾಗ ಒಂದೂ ಇಲ್ಲ, ಸದ್ದೂ ಇಲ್ಲ. ಒಳಗಿನ ದ್ರವ ತನ್ನ ಭಾರದಿಂದಲೇ ಹರಿದು ಇಳಿಯಬೇಕಾದ್ದರಿಂದ ಗಾಲಿಮನೆಯನ್ನು ಮಟ್ಟಸವಾದ ನೆಲದ ಮೇಲೆ ನಿಲ್ಲಿಸಬೇಕು. ಓರೆಯಾಗಿ ನಿಲ್ಲಿಸಿ ದಿನಗಟ್ಟಲೆ ಉರಿಸಿದರೆ ಯಂತ್ರ ಕೆಟ್ಟುಹೋಗುತ್ತದೆ. ಮನೆ ನೆಟ್ಟಗೆ ನಿಂತಿದ್ದರೆ ಮಾತ್ರ ಒಳಗೆ ತಂಪು ಎಂಬ ನೀತಿಯನ್ನು ಇಷ್ಟು ಚೆನ್ನಾಗಿ ಹೇಳುವ ಯಂತ್ರ ಬೇರೆಯಿಲ್ಲ.

ಒಳಗಿದ್ದು ಕಟ್ಟುವ ಕಷ್ಟ

ಇಲ್ಲಿಯವರೆಗೆ ಹೇಳಿದ್ದು ಕುಶಲಕರ್ಮಿಯ ಕೆಲಸ. ಅದೇ ಇನ್ನೂರು ಚದರಡಿಯೊಳಗೆ ಉಂಡು ಮಲಗಿ ಎದ್ದು ಆ ಕೆಲಸ ಮಾಡುವುದು ಬೇರೊಂದು ಬಗೆಯ ತಪಸ್ಸು. ಗರಗಸದ ಹೊಟ್ಟು ಅನ್ನದ ತಟ್ಟೆಗೆ ಬೀಳುತ್ತದೆ. ನೆಲ ಕಿತ್ತ ದಿನ ಹಾಸಿಗೆಯನ್ನು ಚಾಲಕನ ಪೀಠದ ಹಿಂದಕ್ಕೆ ಸಾಗಿಸಬೇಕು. ಆ ಕಡೆಯ ನೆಲ ಕಿತ್ತ ದಿನ ಮರಳಿ ಈ ಕಡೆಗೆ ತರಬೇಕು. ಗಂಡಹೆಂಡಿರು ಜಗಳವಾಡಿದರೆ ಹೋಗಿ ಕುಳಿತುಕೊಳ್ಳಲು ಇನ್ನೊಂದು ಕೋಣೆಯಿಲ್ಲ. ಬಲ್ಲವರು ಮಾಡುವ ಉಪಾಯವೆಂದರೆ ಮನೆಯನ್ನು ಎರಡು ಭಾಗ ಮಾಡಿ, ಒಂದು ಭಾಗ ಪೂರ್ತಿ ಮುಗಿಯುವವರೆಗೆ ಇನ್ನೊಂದನ್ನು ಮುಟ್ಟದಿರುವುದು. ಒಲೆ, ಹಾಸಿಗೆ, ಶೌಚ ಈ ಮೂರೂ ಒಂದೇ ದಿನ ನಿಲ್ಲದಂತೆ ನೋಡಿಕೊಳ್ಳುವುದು.

ಚಳಿಗಾಲದಲ್ಲಿ ಇನ್ನೊಂದು ತೊಂದರೆ ಕಾದಿರುತ್ತದೆ. ಇಬ್ಬರ ಉಸಿರು, ಅನ್ನ ಬೇಯುವ ಹಬೆ, ಸ್ನಾನದ ಆವಿ ಎಲ್ಲವೂ ತಣ್ಣನೆಯ ಗಾಜಿಗೆ ತಾಗಿ ನೀರಾಗಿ ಗೋಡೆಯೊಳಗೆ ಇಳಿಯುತ್ತವೆ. ಹೊರಗಿನ ಮಳೆಯನ್ನು ತಡೆದವರು ಒಳಗಿನ ಮಳೆಯಿಂದ ಸೋಲುತ್ತಾರೆ. ಹೊರಗೆ ಹಿಮ ಬೀಳುತ್ತಿರುವಾಗಲೂ ಮೇಲಿನ ಗಾಳಿಕಿಂಡಿಯನ್ನು ಒಂದು ಬೆರಳಿನಷ್ಟು ತೆರೆದಿಡಬೇಕೆಂದರೆ ಹೊಸಬರು ನಂಬುವುದಿಲ್ಲ. ಆದರೆ ಅದೇ ಮದ್ದು.

ಇವಕ್ಕಿಂತ ದೊಡ್ಡ ತೊಡಕು ನಿಲ್ಲಿಸುವ ಜಾಗದ್ದು. ಓಡುವ ಮನೆಗೆ ಲೋಕವೆಲ್ಲ ಅಂಗಳವೆಂದು ಕವಿಗಳು ಹೇಳಿಯಾರು; ಪೌರಸಭೆಗಳು ಹಾಗೆ ಹೇಳುವುದಿಲ್ಲ. ಅಮೆರಿಕದ ಅನೇಕ ಊರುಗಳಲ್ಲಿ ಸ್ವಂತ ನಿವೇಶನದಲ್ಲಿಯೇ ಆಗಲಿ ಗಾಲಿಮನೆಯಲ್ಲಿ ಕಾಯಂ ವಾಸಮಾಡುವುದಕ್ಕೆ ಅನುಮತಿಯಿಲ್ಲ. ಖಾಸಗಿ ತಂಗುದಾಣಗಳಲ್ಲಿ ಕೆಲವು, ಹತ್ತು ವರ್ಷಕ್ಕಿಂತ ಹಳೆಯ ಗಾಲಿಮನೆಗಳನ್ನು ಒಳಕ್ಕೆ ಬಿಡುವುದೇ ಇಲ್ಲ. ಪಶ್ಚಿಮದ ಸಂಸ್ಥಾನಗಳ ಸರಕಾರಿ ಬಯಲುಗಳಲ್ಲಿ ಬಾಡಿಗೆಯಿಲ್ಲದೆ ತಂಗಬಹುದು. ಸಾಮಾನ್ಯವಾಗಿ ಹದಿನಾಲ್ಕು ದಿನ ಕಳೆದ ಮೇಲೆ ಅಲ್ಲಿಂದ ಕದಲಬೇಕು. ಬಡವನ ಸೂರು ಹೀಗೆ ಅರ್ಧ ತಿಂಗಳಿಗೊಮ್ಮೆ ಎದ್ದು ನಡೆಯಬೇಕಾಗುತ್ತದೆ. 2008ರ ಆರ್ಥಿಕ ಕುಸಿತದಲ್ಲಿ ಮನೆ ಕಳೆದುಕೊಂಡ ಹಿರಿಯ ವಯಸ್ಸಿನ ಅನೇಕರು ವ್ಯಾನುಗಳಲ್ಲಿ, ಹಳೆಯ ಗಾಲಿಮನೆಗಳಲ್ಲಿ ವಾಸಮಾಡುತ್ತ, ಬೀಟ್‌ಗೆಡ್ಡೆ ಕೀಳುವ ಕಾಲದಲ್ಲಿ ಹೊಲಕ್ಕೂ ಹಬ್ಬದ ಕಾಲದಲ್ಲಿ ಗೋದಾಮಿಗೂ ಕೂಲಿಗೆ ಹೋಗಿ ಬದುಕಿದ ಬಗೆಯನ್ನು ಜೆಸ್ಸಿಕಾ ಬ್ರೂಡರ್ ಎಂಬ ಪತ್ರಕರ್ತೆ 2017ರಲ್ಲಿ ‘ನೊಮಾಡ್‌ಲ್ಯಾಂಡ್’ ಎಂಬ ಪುಸ್ತಕದಲ್ಲಿ ಬರೆದಿಟ್ಟಿದ್ದಾರೆ. ಅದನ್ನಾಧರಿಸಿದ ಚಲನಚಿತ್ರಕ್ಕೆ 2021ರಲ್ಲಿ ಆಸ್ಕರ್ ಪ್ರಶಸ್ತಿಯೂ ಬಂದಿತು. ಗಾಲಿಮನೆಯನ್ನು ಕೇವಲ ಸ್ವಾತಂತ್ರ್ಯದ ಸಂಕೇತವೆಂದು ಹೊಗಳುವವರು ಆ ಪುಸ್ತಕವನ್ನು ಒಮ್ಮೆ ಓದುವುದು ಒಳ್ಳೆಯದು.

ಲಾಭವೆಲ್ಲಿದೆ?

ಇನ್ನು ಮಾರಾಟದ ಮಾತು. ಸ್ಥಿರ ಸ್ವತ್ತು, ಚರ ಸ್ವತ್ತು ಎಂದು ನಮ್ಮಲ್ಲಿ ಆಸ್ತಿಯನ್ನು ಎರಡು ಬಗೆಯಾಗಿ ಹೇಳುತ್ತಾರಷ್ಟೆ. ನೆಲದ ಮೇಲಿನ ಮನೆಯೂ ಹಳತಾಗುತ್ತದೆ, ಅದರ ಸೂರೂ ಸೋರುತ್ತದೆ. ಆದರೂ ಇಪ್ಪತ್ತು ವರ್ಷ ಬಿಟ್ಟು ಮಾರಿದರೆ ಬೆಲೆ ಏರಿರುತ್ತದೆ. ಏಕೆ? ಏರಿದ್ದು ಗೋಡೆಯ ಬೆಲೆಯಲ್ಲ, ಕೆಳಗಿನ ನೆಲದ ಬೆಲೆ. ನೆಲದ ಏರಿಕೆ ಗೋಡೆಯ ಇಳಿಕೆಯನ್ನು ಮುಚ್ಚಿಕೊಂಡುಬಿಡುತ್ತದೆ. ಗಾಲಿಮನೆಗೆ ಈ ನೆಲವೇ ಇಲ್ಲ. ಅದು ಉಪಯೋಗದಲ್ಲಿ ಮನೆ, ಮಾರುಕಟ್ಟೆಯಲ್ಲಿ ಮೋಟಾರು. ಮೋಟಾರಿನ ಬೆಲೆ ಕಾರ್ಖಾನೆಯ ಬಾಗಿಲು ದಾಟಿದ ದಿನದಿಂದಲೇ ಇಳಿಯತೊಡಗುತ್ತದೆ. ರಿಪೇರಿ ಮಾಡುವವನು ಆ ಇಳಿಜಾರಿನಲ್ಲಿ ಕಲ್ಲೊಂದನ್ನು ಒತ್ತಾಗಿ ಇಡುತ್ತಾನೆ, ಅಷ್ಟೇ.

ಒಂದು ಕಲ್ಪಿತ ಲೆಕ್ಕವನ್ನು ತೆಗೆದುಕೊಳ್ಳೋಣ. ಒಬ್ಬನು ಎಂಟು ಸಾವಿರ ಡಾಲರಿಗೆ ಹಳೆಯ ಗಾಲಿಮನೆಯನ್ನು ಕೊಂಡನೆನ್ನಿ. ಟೈರು, ಬ್ರೇಕು, ಮೇಲ್ಛಾವಣಿ, ಬ್ಯಾಟರಿ, ಮರಮುಟ್ಟುಗಳಿಗೆ ಒಂಬತ್ತು ಸಾವಿರ ಹಿಡಿಯಿತು. ಇಪ್ಪತ್ತು ಸಾವಿರಕ್ಕೆ ಮಾರಿದ. ಮೂರು ಸಾವಿರ ಲಾಭವಾಯಿತೆಂದು ಸ್ನೇಹಿತರು ಬೆನ್ನು ತಟ್ಟಿದರು. ಆದರೆ ಅವನು ಅದಕ್ಕೆ ಏಳುನೂರು ಗಂಟೆ ದುಡಿದಿದ್ದ. ಹಂಚಿ ನೋಡಿದರೆ ಗಂಟೆಗೆ ನಾಲ್ಕು ಡಾಲರು ಚಿಲ್ಲರೆ ಬಿದ್ದಿತು. ಅಮೆರಿಕದ ಕೇಂದ್ರ ಸರಕಾರ 2009ರಲ್ಲಿ ಗೊತ್ತುಮಾಡಿದ ಕನಿಷ್ಠ ಕೂಲಿಯೇ ಗಂಟೆಗೆ ಏಳೂಕಾಲು ಡಾಲರು! ಪಕ್ಕದ ಗ್ಯಾರೇಜಿನಲ್ಲಿ ಕಸ ಗುಡಿಸಿದ್ದರೂ ಹೆಚ್ಚು ಸಿಕ್ಕುತ್ತಿತ್ತು.

ಹಾಗಾದರೆ ಈ ಉದ್ಯಮ ಮೂರ್ಖತನವೇ? ಲೆಕ್ಕ ಇನ್ನೂ ಮುಗಿದಿಲ್ಲ. ಅವನು ಹತ್ತು ತಿಂಗಳು ಅದರಲ್ಲಿ ವಾಸಮಾಡಿದ. ಊರಿನ ಬಾಡಿಗೆ ತಿಂಗಳಿಗೆ ಒಂಬೈನೂರು, ತಂಗುದಾಣದ ಬಾಡಿಗೆ ಐನೂರು ಎಂದಿಟ್ಟುಕೊಂಡರೆ ನಾಲ್ಕು ಸಾವಿರ ಉಳಿಯಿತು. ಎರಡನ್ನೂ ಕೂಡಿಸಿದಾಗ ಗಂಟೆಗೆ ಹತ್ತು ಡಾಲರಾಯಿತು. ಅಂದಮೇಲೆ ಲಾಭ ಹುಟ್ಟಿದ್ದು ಮಾರಿದ ದಿನವಲ್ಲ, ಬಾಳಿದ ದಿನಗಳಲ್ಲಿ. ವಾಸಮಾಡದೆ ಕೇವಲ ಕೊಂಡು ಮಾರುವವನಿಗೆ ಇದರಲ್ಲಿ ಹೆಚ್ಚಿನ ಫಲವಿಲ್ಲ. ಅದನ್ನೇ ವೃತ್ತಿ ಮಾಡಿಕೊಳ್ಳಬೇಕೆಂದರೆ ಕಾನೂನೂ ಅಡ್ಡಬರುತ್ತದೆ: ಪರವಾನಗಿಯಿಲ್ಲದ ಸಾಮಾನ್ಯ ಪ್ರಜೆ ವರ್ಷಕ್ಕೆ ಇಂತಿಷ್ಟೇ ವಾಹನಗಳನ್ನು ಮಾರಬಹುದೆಂದು ಬಹುತೇಕ ಸಂಸ್ಥಾನಗಳಲ್ಲಿ ಮಿತಿಯುಂಟು. ಕಾಗದಪತ್ರವಿಲ್ಲದ ಗಾಲಿಮನೆ ಎಷ್ಟೇ ಅಗ್ಗವಾಗಿ ಸಿಕ್ಕಿದರೂ ಕೊಳ್ಳಬಾರದು. ಒಡೆತನದ ಪತ್ರ ಕೈಸೇರದಿದ್ದರೆ ಮಾಡಿದ ಕೆಲಸವೆಲ್ಲ ಬೇರೆಯವರ ಹೊಲಕ್ಕೆ ಗೊಬ್ಬರ ಹಾಕಿದಂತೆ.

ಪರರ ಕಣ್ಣಿನಿಂದ ನೋಡುವ ಅಭ್ಯಾಸವೂ ಮಾರುವವನಿಗೆ ಬೇಕು. ತನಗೊಬ್ಬನಿಗೇ ಒಗ್ಗುವ ಏರ್ಪಾಟು ಮಾಡಿಕೊಂಡವನು, ಎರಡನೆಯ ಹಾಸಿಗೆಯನ್ನು ಕಿತ್ತು ಬರೆಯುವ ಮೇಜು ಹಾಕಿಕೊಂಡವನು, ಸಂಸಾರಸ್ಥ ಗಿರಾಕಿ ಬಂದಾಗ ತಲೆ ಕೆರೆದುಕೊಳ್ಳುತ್ತಾನೆ. ಕಾಲವನ್ನೂ ನೋಡಬೇಕು. ವಿಹಾರದ ಕನಸು ಚಿಗುರುವ ವಸಂತದಲ್ಲಿ ಗಿರಾಕಿಗಳು ಬರುತ್ತಾರೆ. ಎಲೆಯುದುರುವ ಕಾಲದಲ್ಲಿ, ಚಳಿಗೆ ಅದನ್ನು ಎಲ್ಲಿ ನಿಲ್ಲಿಸುವುದೆಂದು ಚಿಂತಿಸುವ ಒಡೆಯರು ಮಾರಲು ಬರುತ್ತಾರೆ. ಆಗ ಕೊಂಡು ಈಗ ಮಾರುವುದು ಜಾಣತನ.

ಬಣ್ಣದ ಕೆಳಗಿನ ಸತ್ಯ

ಈಗ ಈ ವಿಷಯದ ತಿರುಳಿಗೆ ಬಂದೆವು. ಕೊಳೆತ ಮೂಲೆಯೊಂದು ಕಡೆಯ ವಾರದಲ್ಲಿ ಕಣ್ಣಿಗೆ ಬಿತ್ತೆನ್ನಿ. ಕೈಯಲ್ಲಿದ್ದ ಹಣ ಮುಗಿದಿದೆ. ಗಿರಾಕಿ ನಾಳೆ ಬರುತ್ತಾನೆ. ಒಂದು ತೆಳು ಹಲಗೆ, ಒಂದು ಡಬ್ಬಿ ಬಣ್ಣ, ಎರಡು ಗಂಟೆಯ ಕೆಲಸ. ಯಾರಿಗೂ ತಿಳಿಯುವುದಿಲ್ಲ, ಮುಂದಿನ ಮಳೆಗಾಲದವರೆಗೆ. ಮಾಡುವುದೇ, ಬಿಡುವುದೇ?

‘ಇದ್ದದ್ದು ಇದ್ದಂತೆ’ ಮಾರಾಟವೆಂದು ಪತ್ರದಲ್ಲಿ ಬರೆದುಬಿಟ್ಟರೆ ಹೊಣೆಯೆಲ್ಲ ಕೊಂಡವನದೆಂದು ಕೆಲವರು ಸಮಾಧಾನ ಹೇಳಿಕೊಳ್ಳುತ್ತಾರೆ. ಕಾನೂನು ಕೂಡ ಅಷ್ಟು ಉದಾರವಾಗಿಲ್ಲ. ಗೊತ್ತಿದ್ದ ದೋಷವನ್ನು ಬೇಕೆಂದೇ ಮುಚ್ಚಿ ಮಾರಿದವನು ವಂಚನೆಗೆ ಉತ್ತರ ಹೇಳಬೇಕಾದೀತು. ಆದರೆ ಕಾನೂನಿಗಿಂತ ದೊಡ್ಡ ಮಾತೊಂದಿದೆ. ಅಂಥ ಹಳೆಯ ಗಾಲಿಮನೆಯನ್ನು ಕೊಳ್ಳುವವನು ಯಾರು? ಬಹುಪಾಲು, ತನ್ನಂತೆಯೇ ಬಾಡಿಗೆಯ ಹೊರೆ ತಾಳಲಾರದೆ ಬಂದವನು. ಹಳೆಯ ಗಾಲಿಮನೆಗೆ ಬ್ಯಾಂಕಿನವರು ಸಾಲ ಕೊಡಲು ಹಿಂದೆಗೆಯುವುದರಿಂದ ಅವನು ತನ್ನ ಉಳಿತಾಯವನ್ನೆಲ್ಲ ನಗದಾಗಿ ಎಣಿಸಿಕೊಡುತ್ತಾನೆ. ಅವನಿಗೆ ಅದು ವಾಹನವಲ್ಲ, ಮಕ್ಕಳನ್ನು ಮಲಗಿಸುವ ಜಾಗ. ಮುಚ್ಚಿಟ್ಟ ಸೋರಿಕೆ ಅವನ ಹಾಸಿಗೆಯ ಮೇಲೆ ತೊಟ್ಟಿಕ್ಕುತ್ತದೆ. ಮುಚ್ಚಿಟ್ಟ ಅನಿಲದ ಕೀಲು ಅವನ ಮಕ್ಕಳ ನಿದ್ರೆಯ ಬಳಿ ಸೋರುತ್ತದೆ.

ವಾಸಮಾಡಿ ಮಾರುವವನಿಗೂ ಬರಿಯ ವ್ಯಾಪಾರಿಗೂ ಇರುವ ಅಂತರ ಇಲ್ಲಿಯೇ. ವ್ಯಾಪಾರಿ ‘ನನಗೆ ಗೊತ್ತಿರಲಿಲ್ಲ’ ಎಂದರೆ ಒಂದು ವೇಳೆ ನಂಬಬಹುದು. ಒಂದು ಮಳೆಗಾಲ, ಒಂದು ಚಳಿಗಾಲ ಒಳಗೆ ಮಲಗಿದವನು ಹಾಗೆ ಹೇಳುವಂತಿಲ್ಲ. ಯಾವ ಗಾಳಿಗೆ ಯಾವ ಕಿಟಕಿ ತೇವವಾಗುತ್ತದೆ, ಯಾವ ಇಳಿಜಾರಿನಲ್ಲಿ ಯಾವ ಬ್ರೇಕು ನರಳುತ್ತದೆ ಎಂಬುದನ್ನು ಅವನ ಮೈಯೇ ಬಲ್ಲುದು. ಆ ತಿಳಿವಳಿಕೆಯೇ ಅವನು ಮಾರುವ ವಸ್ತುವಿನಲ್ಲಿ ಹೆಚ್ಚು ಬೆಲೆಯುಳ್ಳದ್ದು. ಅದನ್ನು ಮುಚ್ಚಿಡುವುದು ಸರಕಿನ ಒಳ್ಳೆಯ ಭಾಗವನ್ನೇ ಕೊಡದೆ ಹಣ ಎಣಿಸಿಕೊಂಡಂತೆ.

ಆದ್ದರಿಂದಲೇ ಒಳ್ಳೆಯ ಕೆಲಸಗಾರರು ಒಂದು ಪದ್ಧತಿ ಇಟ್ಟುಕೊಂಡಿದ್ದಾರೆ. ಮೊದಲ ದಿನದಿಂದಲೇ ಒಂದು ದಪ್ಪ ನೋಟುಪುಸ್ತಕ ತೆರೆಯುತ್ತಾರೆ. ಗೋಡೆ ಮುಚ್ಚುವ ಮೊದಲು ತಂತಿ, ಕೊಳವೆಗಳು ಹಾದ ದಾರಿಯ ಛಾಯಾಚಿತ್ರ, ಟೈರಿನ ತಾರೀಖು, ಕೊಂಡ ಸಾಮಾನಿನ ರಸೀದಿ, ಮಾಡಿದ ಕೆಲಸ, ಮಾಡದೆ ಬಿಟ್ಟ ಕೆಲಸ ಎಲ್ಲವನ್ನೂ ಅದರಲ್ಲಿ ದಾಖಲಿಸುತ್ತಾರೆ. ಮಾರುವಾಗ ಕೀಲಿಕೈಯ ಜೊತೆಗೆ ಆ ಪುಸ್ತಕವನ್ನೂ ಕೊಡುತ್ತಾರೆ. ಇದರಿಂದ ಬೆಲೆ ಇಳಿಯುವುದೆಂಬ ಭಯ ಹುಸಿ. ದೋಷಗಳ ಪಟ್ಟಿಯನ್ನು ತಾನಾಗಿ ಮುಂದಿಟ್ಟವನು ಗುಣಗಳ ಬಗ್ಗೆ ಹೇಳಿದ ಮಾತಿಗೂ ನಂಬಿಕೆ ಹುಟ್ಟುತ್ತದೆ. ಆ ಕೊಳೆತ ಮೂಲೆಗೆ ಬೆಲೆಯಲ್ಲಿ ಒಂದಿಷ್ಟು ಬಿಟ್ಟುಕೊಟ್ಟರಾಯಿತು. ಹೋಗುವುದು ಕೆಲವು ನೂರು ಡಾಲರು.

ಹೆನ್ರಿ ಥೋರೋ 1845ರಲ್ಲಿ ವಾಲ್ಡನ್ ಕೊಳದ ದಡದಲ್ಲಿ ಗುಡಿಸಲು ಕಟ್ಟುವಾಗ, ರೈಲುದಾರಿಯ ಕೂಲಿಯೊಬ್ಬನ ಹಳೆಯ ಗುಡಿಸಲನ್ನು ನಾಲ್ಕೂಕಾಲು ಡಾಲರಿಗೆ ಕೊಂಡು ಅದರ ಹಲಗೆಗಳನ್ನು ಬಿಚ್ಚಿ ಬಿಸಿಲಿಗೆ ಒಣಗಿಸಿ ಉಪಯೋಗಿಸಿದ. ಮನೆಗೆ ಒಟ್ಟು ತಗಲಿದ ಖರ್ಚು ಇಪ್ಪತ್ತೆಂಟು ಡಾಲರು ಹನ್ನೆರಡೂವರೆ ಸೆಂಟೆಂದು ಕಾಸುಕಾಸಿನ ಲೆಕ್ಕವನ್ನೂ ಬರೆದಿಟ್ಟ. ಎರಡು ವರ್ಷ ಎರಡು ತಿಂಗಳು ಅಲ್ಲಿದ್ದು ಹೊರಟುಹೋದ. ಹಳೆಯದನ್ನು ಕೊಂಡು ಹೊಸದಾಗಿಸಿ, ಸ್ವಲ್ಪಕಾಲ ಬಾಳಿ, ಲೆಕ್ಕ ಒಪ್ಪಿಸಿ ಬಿಟ್ಟುಹೋಗುವ ಈ ಪರಂಪರೆಗೆ ಆ ದೇಶದಲ್ಲಿ ದೊಡ್ಡ ಹೆಸರುಗಳೂ ಉಂಟೆಂದು ಇದರಿಂದ ತಿಳಿಯುತ್ತದೆ.

ಜೀರ್ಣೋದ್ಧಾರವೆಂಬ ಮಾತನ್ನು ನಾವು ದೇಗುಲಕ್ಕೂ ಕೆರೆಗೂ ಬಳಸುತ್ತೇವೆ. ಮಾಡಿಸಿದವನು ತಾನೊಬ್ಬನೇ ಅನುಭವಿಸಲೆಂದು ಅದನ್ನು ಮಾಡಿಸುವುದಿಲ್ಲ; ಮುಂದೆ ಬರುವವರು ನೀರು ಕುಡಿಯಲೆಂದು, ಕೈಮುಗಿಯಲೆಂದು ಮಾಡಿಸುತ್ತಾನೆ. ಆರು ಗಾಲಿಯ ಮೇಲೆ ನಿಂತ ತಗಡಿನ ಮನೆಗೆ ಅಷ್ಟು ದೊಡ್ಡ ಮಾತು ಹೆಚ್ಚೆನಿಸಬಹುದು. ಆದರೂ, ಹೆಸರು ಗೊತ್ತಿಲ್ಲದ ಮುಂದಿನ ಒಡೆಯನ ಮಕ್ಕಳು ನೆನೆಯದೆ ಮಲಗಲೆಂದು ಒಬ್ಬನು ಮೇಲ್ಛಾವಣಿಯ ಕಡೆಯ ಬಿರುಕನ್ನೂ ಹುಡುಕಿ ಮುಚ್ಚಿದ್ದರೆ, ಆ ಮಾತಿಗೆ ಅವನು ಅರ್ಹನೇ ಸರಿ.